ಪಾಳಿಗೊಬ್ಬ ಹೊಣೆಗಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ನೆಲವನ್ನು ಎಷ್ಟು ಆಳಕ್ಕೆ ಅಗೆದರೂ ಕಲ್ಲಿದ್ದಲು ಸಿಗುವುದಿಲ್ಲ, ಏಕೆಂದರೆ ಇಲ್ಲಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯವು. ಕಲ್ಲಿದ್ದಲಾದರೋ ಜೌಗು ಕಾಡುಗಳ ಗಿಡಮರಗಳು ಹೂತು, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಕಪ್ಪುಗಟ್ಟಿದ ವಸ್ತುವಾಗಿದ್ದು, ಭಾರತದಲ್ಲಿ ಅದರ ಬಹುಪಾಲು ಮೂವತ್ತು ಕೋಟಿ ವರ್ಷಗಳ ಈಚಿನದು. ನೆಲದ ಮೇಲೆ ಗಿಡ ಹುಟ್ಟುವುದಕ್ಕಿಂತ ಬಹಳ ಮೊದಲೇ ಗಟ್ಟಿಯಾದ ಶಿಲೆಯಲ್ಲಿ ಗಿಡದಿಂದಾದ ಇದ್ದಿಲನ್ನು ಹುಡುಕುವುದು ವ್ಯರ್ಥ. ಆದರೂ ಕಲ್ಲಿದ್ದಲು ಈ ಸೀಮೆಗೆ ದೂರದ ವಸ್ತುವೇನಲ್ಲ. ಗಿಣಿಗೇರಾ ಸುತ್ತಲಿನ ಕಬ್ಬಿಣದ ಕುಲುಮೆಗಳು ಉರಿಯುವುದು ಕಲ್ಲಿದ್ದಲನ್ನು ಕಾಯಿಸಿ ಮಾಡಿದ ಕೋಕ್‌ನಿಂದ. ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ರೈಲಿನ ವ್ಯಾಗನ್‌ಗಳಲ್ಲಿ ಬರುವ ಕಲ್ಲಿದ್ದಲಿನಲ್ಲಿ ದೊಡ್ಡ ಪಾಲು ತೆಲಂಗಾಣದ ಸಿಂಗರೇಣಿ ಗಣಿಗಳದ್ದು. ಯಲಬುರ್ಗಾದ ಹಳ್ಳಿಯ ಮನೆಯಲ್ಲಿ ಬೆಳಗುವ ದೀಪದ ಹಿಂದೆ, ಗೋದಾವರಿ ಕಣಿವೆಯ ನೆಲದೊಳಗೆ ಪಾಳಿಯ ಮೇಲೆ ಇಳಿದು ಹತ್ತುವ ಜನರ ದುಡಿಮೆಯಿದೆ.

ಈ ನಂಟು ಹಳೆಯದು. ಇಂದಿನ ಕೊಪ್ಪಳ ಜಿಲ್ಲೆ 1997ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿತ್ತು, ಅದಕ್ಕೂ ಮೊದಲು, ಅಂದರೆ 1956ರ ಭಾಷಾವಾರು ವಿಂಗಡಣೆಯವರೆಗೆ, ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದಲ್ಲಿ ಗಣಿಗಾರಿಕೆಯ ಹಕ್ಕನ್ನು 1880ರ ದಶಕದಲ್ಲಿ ಪಡೆದ ಹೈದರಾಬಾದ್ (ಡೆಕ್ಕನ್) ಕಂಪನಿಯೇ ಒಂದೆಡೆ ಯೆಲ್ಲಂದು ಬಳಿ ಸಿಂಗರೇಣಿಯ ಕಲ್ಲಿದ್ದಲನ್ನು ತೆಗೆಯಲು ಆರಂಭಿಸಿತು, ಇನ್ನೊಂದೆಡೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನವನ್ನು ಅರಸಿತು. ಕುಷ್ಟಗಿಯಿಂದ ಮುದಗಲ್ಲು, ಲಿಂಗಸುಗೂರು ದಾಟಿದರೆ ಸಿಗುವ ಹಟ್ಟಿ, ಕೊಪ್ಪಳ ಸೀಮೆಗೆ ಅತಿ ಸಮೀಪದ ನೆಲದಡಿಯ ಗಣಿ. ಅಲ್ಲಿ ಪ್ರಾಚೀನರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನೂರಾರು ಅಡಿ ಆಳಕ್ಕೆ ಬಂಡೆಯನ್ನು ಕಡಿದ ಗುರುತುಗಳು ದೊರೆತಿವೆ. ಅಶೋಕನ ಹೆಸರನ್ನು ನಾಡಿಗೆ ಖಚಿತಪಡಿಸಿದ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಕೂಡ ಇದೇ ಸೀಮೆಯಲ್ಲಿ ಚಿನ್ನದ ಜಾಡು ಹಿಡಿದು ತಿರುಗುತ್ತಿದ್ದ ಗಣಿ ಎಂಜಿನಿಯರ್ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1920ರಲ್ಲಿ ನಿಂತುಹೋಗಿದ್ದ ಹಟ್ಟಿಯ ಕೆಲಸ, 1947ರಲ್ಲಿ ನಿಜಾಮ್ ಸರ್ಕಾರದ ಕಾಲಕ್ಕೆ ಹೊಸ ಕಂಪನಿಯೊಂದಿಗೆ ಮತ್ತೆ ಆರಂಭವಾಗಿ, ಇಂದು ಕರ್ನಾಟಕ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿಯ ಅಡಿಯಲ್ಲಿ ನಡೆಯುತ್ತಿದೆ.

ಕಲ್ಲಿದ್ದಲಿನ ಗಣಿಯಾಗಲಿ ಚಿನ್ನದ ಗಣಿಯಾಗಲಿ, ಭಾರತದಲ್ಲಿ ನೆಲದೊಳಗೆ ಇಳಿಯುವವರ ಜೀವಕ್ಕೆ ಕಾನೂನಿನ ಕಾವಲು ಹುಟ್ಟಿದ್ದರ ಹಿಂದೆ ಕನ್ನಡ ನಾಡಿನ ಒಂದು ದುರಂತವಿದೆ. ದೇಶದ ಮೊದಲ ಗಣಿ ಇನ್ಸ್‌ಪೆಕ್ಟರ್ ಜೇಮ್ಸ್ ಗ್ರಂಡಿ 1894ರಲ್ಲಿ ನೇಮಕವಾದನಾದರೂ ಅವನ ಕೈಗೆ ಕಾಯ್ದೆಯ ಬಲವಿರಲಿಲ್ಲ. 1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ 52 ಮಂದಿ ಸತ್ತರು. ಅದರ ಬೆನ್ನಿಗೇ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಬಲಿಯಾದರು. ಈ ಎರಡು ದುರಂತಗಳೇ 1901ರ ಮೊದಲ ಗಣಿ ಕಾಯ್ದೆಯನ್ನು ತ್ವರೆಗೊಳಿಸಿದವು. 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಗಣಿ ತಪಾಸಣಾ ಕಚೇರಿ 1908ರಲ್ಲಿ ಧನಬಾದ್‌ಗೆ ಸ್ಥಳಾಂತರಗೊಂಡಿತು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಎಂಬ ಹೆಸರಿನಲ್ಲಿ ಅದು ಇಂದಿಗೂ ಅಲ್ಲಿಂದಲೇ ದೇಶದ ಎಲ್ಲ ಗಣಿಗಳ ಮೇಲೆ ಕಣ್ಣಿಟ್ಟಿದೆ. ಮುಂದೆ 1952ರಲ್ಲಿ ಬಂದ ಗಣಿ ಕಾಯ್ದೆಯ ಅಡಿಯಲ್ಲಿ ಕಲ್ಲಿದ್ದಲಿಗೆ ಒಂದು ನಿಯಮಾವಳಿ, ಚಿನ್ನ, ತಾಮ್ರ, ಕಬ್ಬಿಣ, ಕಲ್ಲಿನಂಥ ಉಳಿದ ಗಣಿಗಳಿಗೆ 1961ರ ಇನ್ನೊಂದು ನಿಯಮಾವಳಿ ರೂಪುಗೊಂಡವು. ಕಲ್ಲಿದ್ದಲಿನ 1957ರ ನಿಯಮಾವಳಿಯನ್ನು 2017ರಲ್ಲಿ ಪರಿಷ್ಕರಿಸಲಾಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು ಗಣಿ ಕಾಯ್ದೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ.

ಈ ನಿಯಮಗಳ ಪುಸ್ತಕವನ್ನು ಮೊದಲ ಸಲ ತೆರೆದವರಿಗೆ ಅದು ಅಳತೆಗಳ, ಅಂಕಿಗಳ ರಾಶಿಯಂತೆ ಕಾಣುತ್ತದೆ. ಆದರೆ ನಿಧಾನವಾಗಿ ಓದಿದರೆ ಅದರ ಜೀವಾಳ ಅಳತೆಯಲ್ಲಿಲ್ಲ, ಹೊಣೆಯಲ್ಲಿದೆ ಎಂಬುದು ಗೊತ್ತಾಗುತ್ತದೆ. ನೆಲದೊಳಗಿನ ಪ್ರತಿಯೊಂದು ಅಪಾಯಕ್ಕೂ ಎದುರಾಗಿ ನಿಯಮಾವಳಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತದೆ; ಅವನನ್ನು ಲಿಖಿತವಾಗಿ ನೇಮಿಸಬೇಕು, ಅವನ ಅರ್ಹತೆಗೆ ಪ್ರಮಾಣಪತ್ರವಿರಬೇಕು, ಅವನು ನೋಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು ಎನ್ನುತ್ತದೆ. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗುವುದಿಲ್ಲ ಎಂಬ ಅನುಭವವೇ ಈ ರಚನೆಯ ಹಿಂದಿದೆ.

ಮೇಲಿನಿಂದ ನೋಡುವುದಾದರೆ ಮೊದಲು ಮಾಲೀಕ, ಅವನ ಪರವಾಗಿ ನಡೆಯುವ ಏಜೆಂಟ್, ಅನಂತರ ಮ್ಯಾನೇಜರ್. ಸಾಮಾನ್ಯ ಕಚೇರಿಯಲ್ಲಿ ಮ್ಯಾನೇಜರ್ ಎಂದರೆ ಮಾಲೀಕನ ಆಜ್ಞೆಯನ್ನು ಪಾಲಿಸುವವನು, ಗಣಿಯಲ್ಲಿ ಹಾಗಲ್ಲ. ಗಣಿ ಮ್ಯಾನೇಜರ್ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾ ಪ್ರಮಾಣಪತ್ರ ಪಡೆದವನಾಗಿದ್ದು, ಗಣಿಯ ದಿನನಿತ್ಯದ ಹತೋಟಿ ಕಾನೂನಿನ ಮೂಲಕವೇ ಅವನಿಗೆ ಬಂದದ್ದಾಗಿರುತ್ತದೆ. ತುರ್ತು ಸಂದರ್ಭವನ್ನು ಬಿಟ್ಟರೆ ಅವನ ಕೈಕೆಳಗಿನ ಸಿಬ್ಬಂದಿಗೆ ಅವರ ಶಾಸನಬದ್ಧ ಕರ್ತವ್ಯಕ್ಕೆ ಸಂಬಂಧಿಸಿದ ಯಾವ ಆದೇಶವನ್ನೂ ಮಾಲೀಕನು ಅವನನ್ನು ಬದಿಗಿಟ್ಟು ಕೊಡುವಂತಿಲ್ಲ. ಉತ್ಪಾದನೆಯ ಅವಸರ ಮಾಲೀಕನಿಗಿರುವುದು ಸಹಜ, ಆ ಅವಸರ ನೇರವಾಗಿ ಗಣಿಯ ತಳಕ್ಕೆ ಇಳಿಯದಂತೆ ನಡುವೆ ಒಬ್ಬ ಅರ್ಹ ಮನುಷ್ಯನಿರಲಿ ಎಂಬುದು ಇದರ ಆಶಯ. ಮ್ಯಾನೇಜರ್‌ಗೆ ನೆರವಾಗಿ ಅಸಿಸ್ಟೆಂಟ್ ಮ್ಯಾನೇಜರ್‌ಗಳು, ಗಾಳಿಯ ವ್ಯವಸ್ಥೆ ನೋಡುವ ವೆಂಟಿಲೇಶನ್ ಆಫೀಸರ್, ಸೇಫ್ಟಿ ಆಫೀಸರ್, ನಕ್ಷೆ ತಯಾರಿಸುವ ಸರ್ವೇಯರ್, ಯಂತ್ರಗಳಿಗೂ ವಿದ್ಯುತ್ತಿಗೂ ಎಂಜಿನಿಯರ್‌ಗಳು ಇರುತ್ತಾರೆ. ಇವರ ಕೆಳಗೆ, ಕಾರ್ಮಿಕರಿಗೆ ಅತಿ ಹತ್ತಿರದಲ್ಲಿ, ಕಲ್ಲಿದ್ದಲಿನ ಗಣಿಯಲ್ಲಾದರೆ ಓವರ್‌ಮನ್ ಮತ್ತು ಮೈನಿಂಗ್ ಸರ್ದಾರ್, ಹಟ್ಟಿಯಂಥ ಲೋಹದ ಗಣಿಯಲ್ಲಾದರೆ ಫೋರ್‌ಮನ್ ಮತ್ತು ಮೈನಿಂಗ್ ಮೇಟ್ ಇರುತ್ತಾರೆ.

ಇಡೀ ವ್ಯವಸ್ಥೆ ನಿಂತಿರುವುದು ಈ ಸರ್ದಾರನ ಮೇಲೆ. ಗಣಿಯ ಒಳಭಾಗವನ್ನು ಹಲವು ವಲಯಗಳಾಗಿ ವಿಂಗಡಿಸಿ, ಒಂದೊಂದನ್ನು ಒಬ್ಬೊಬ್ಬ ಸರ್ದಾರನಿಗೆ ಒಪ್ಪಿಸಿರುತ್ತಾರೆ; ಗಣಿಯ ಭಾಷೆಯಲ್ಲಿ ಇದನ್ನು ಡಿಸ್ಟ್ರಿಕ್ಟ್ ಎನ್ನುತ್ತಾರೆ. ಪಾಳಿ ಶುರುವಾಗುವ ಮೊದಲಿನ ಎರಡು ಗಂಟೆಗಳೊಳಗೆ ಅರ್ಹನಾದವನೊಬ್ಬ ಆ ಡಿಸ್ಟ್ರಿಕ್ಟಿನ ಪ್ರತಿಯೊಂದು ಕೆಲಸದ ಜಾಗಕ್ಕೂ ಹೋಗಿ, ಛಾವಣಿ, ಪಕ್ಕದ ಗೋಡೆ, ಅನಿಲ, ಗಾಳಿಯ ಹರಿವು ಇವನ್ನೆಲ್ಲ ಪರೀಕ್ಷಿಸದೆ ಒಬ್ಬನೇ ಒಬ್ಬ ಕಾರ್ಮಿಕನನ್ನೂ ಒಳಗೆ ಬಿಡುವಂತಿಲ್ಲ. ಅಪಾಯ ಕಂಡ ಜಾಗಕ್ಕೆ ಅಡ್ಡಬೇಲಿ ಕಟ್ಟಿ ಜನರನ್ನು ಹೊರಗೆ ಕಳಿಸುವ ಅಧಿಕಾರ ಅವನದು, ಅದು ಅವನ ಕರ್ತವ್ಯವೂ ಹೌದು. ತನ್ನ ತಪಾಸಣೆ ಮುಗಿಯುವ ಮೊದಲು, ಅಥವಾ ತನ್ನ ಜಾಗಕ್ಕೆ ನೇಮಕಗೊಂಡ ಬದಲಿ ಬರುವ ಮೊದಲು, ಸರಿಯಾದ ಕಾರಣವಿಲ್ಲದೆ ಅವನು ಡಿಸ್ಟ್ರಿಕ್ಟ್ ಬಿಡುವಂತಿಲ್ಲ. ಇಷ್ಟೆಲ್ಲ ಹೊಣೆ ಹೊರಿಸಿದ ನಿಯಮಾವಳಿ ಅವನ ಪರವಾಗಿಯೂ ಒಂದು ಮಾತು ಹೇಳಿದೆ: ಅವನಿಗೆ ಕೊಡುವ ಡಿಸ್ಟ್ರಿಕ್ಟ್ ಅವನು ಸರಿಯಾಗಿ ನೋಡಿ ಮುಗಿಸಲಾಗದಷ್ಟು ದೊಡ್ಡದಾಗಿರಬಾರದು, ತಪಾಸಣೆಗೆ ಅಡ್ಡಿಯಾಗುವಂಥ ಬೇರೆ ಕೆಲಸಗಳನ್ನು ಅವನ ತಲೆಗೆ ಕಟ್ಟಬಾರದು. ನಿಯಮಾವಳಿಯ ನೂರಾರು ಕಲಮುಗಳ ನಡುವೆ ಓದುಗರ ಕಣ್ಣಿಗೆ ಸುಲಭವಾಗಿ ಬೀಳದ ಈ ಮಾತು ಬಹಳ ಮುಖ್ಯವಾದದ್ದು, ಏಕೆಂದರೆ ಸಮಯವಿಲ್ಲದವನ ಕೈಗೆ ಕೊಟ್ಟ ಹೊಣೆಯು ಕಾಗದದ ಮೇಲಿನ ಸಹಿಯಾಗಿ ಮಾತ್ರ ಉಳಿಯುತ್ತದೆ.

ಸರ್ದಾರನ ಕೆಲಸದಲ್ಲಿ ಯಂತ್ರಕ್ಕಿಂತ ಕಿವಿಗೆ ಹೆಚ್ಚು ಬೆಲೆ. ಅವನು ಕೈಯ ಕೋಲಿನಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟುತ್ತ ಮುಂದೆ ಸಾಗುತ್ತಾನೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು, ಗಟ್ಟಿಯೋ ಬಿರುಕೋ ಎಂದು ಸದ್ದಿನಿಂದ ತಿಳಿಯುವಂತೆ ಅವನೂ ತಿಳಿಯುತ್ತಾನೆ. ಠಣ್ಣೆಂದರೆ ಛಾವಣಿ ಗಟ್ಟಿ. ಡಬ್ಬೆಂದರೆ ಮೇಲಿನ ಪದರ ಕೆಳಗಿನದರಿಂದ ಕಳಚಿಕೊಂಡಿದೆ, ನಡುವೆ ಪೊಳ್ಳಿದೆ. ತಟ್ಟುವಾಗ ಇನ್ನೊಂದು ಕೈಯನ್ನು ಛಾವಣಿಗೆ ಒತ್ತಿ ಹಿಡಿದರೆ ಸಡಿಲವಾದ ಕಲ್ಲಿನ ನಡುಕ ಬೆರಳಿಗೆ ತಾಗುತ್ತದೆ. ಹಾಗೆ ಸಡಿಲವಾದದ್ದನ್ನು ಉದ್ದನೆಯ ಹಾರೆಯಿಂದ, ಭದ್ರವಾದ ಕಡೆ ನಿಂತು, ಕೆಡವಿದ ಮೇಲೆಯೇ ಮುಂದಿನ ಹೆಜ್ಜೆ. ಇಷ್ಟು ಸರಳವಾದ ಈ ಪರೀಕ್ಷೆಯೇ ನೆಲದೊಳಗಿನ ಗಣಿಯಲ್ಲಿ ಎಷ್ಟೋ ಜೀವಗಳನ್ನು ಉಳಿಸುವಂಥದ್ದು, ಏಕೆಂದರೆ ಪತ್ರಿಕೆಗಳಲ್ಲಿ ಸುದ್ದಿಯಾಗುವ ಮಹಾಸ್ಫೋಟಗಳಿಗಿಂತ, ಒಬ್ಬಿಬ್ಬರ ಮೇಲೆ ಸದ್ದಿಲ್ಲದೆ ಕುಸಿಯುವ ಛಾವಣಿಯೇ ಕಲ್ಲಿದ್ದಲಿನ ಗಣಿಯ ನಿತ್ಯದ ಶತ್ರು.

ಕಲ್ಲಿದ್ದಲು ಪದರಗಳಾಗಿ ಮಲಗಿರುವುದರಿಂದ ಅದನ್ನು ಪೂರ್ತಿ ಕಡಿದರೆ ಮೇಲಿನ ನೆಲ ಕುಸಿಯುತ್ತದೆ. ಆದ್ದರಿಂದ ಭಾರತದ ಬಹುಪಾಲು ಗಣಿಗಳಲ್ಲಿ, ಸಾಲುಸಾಲಾಗಿ ಓಣಿಗಳನ್ನು ಕೊರೆದು ನಡುವೆ ಚೌಕಾಕಾರದ ಕಲ್ಲಿದ್ದಲಿನ ಕಂಬಗಳನ್ನು ಉಳಿಸುವ ಪದ್ಧತಿ ಬಳಕೆಗೆ ಬಂತು. ನೂರಾರು ಕಂಬಗಳ ದೇವಾಲಯದ ಮಂಟಪವನ್ನು ನೆನೆದರೆ ಅದರ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಓಣಿಯ ಅಗಲ 4.8 ಮೀಟರನ್ನು, ಎತ್ತರ 3 ಮೀಟರನ್ನು ಸಾಮಾನ್ಯವಾಗಿ ಮೀರಬಾರದು, ಆಳ ಹೆಚ್ಚಿದಂತೆ ಕಂಬದ ಗಾತ್ರವೂ ಹೆಚ್ಚಬೇಕು ಎಂಬುದು ನಿಯಮ. ಛಾವಣಿಗೆ ಆಸರೆಯಾಗಿ ಹಿಂದೆ ಸಾಲ್ ಮರದ ಊರೆಗಳನ್ನು ನಿಲ್ಲಿಸುತ್ತಿದ್ದರು. ಈಗ ಛಾವಣಿಯೊಳಕ್ಕೇ ರಂಧ್ರ ಕೊರೆದು, ಉಕ್ಕಿನ ಸರಳನ್ನು ಇಳಿಸಿ, ಪದರಗಳನ್ನು ಒಂದಕ್ಕೊಂದು ಹೊಲಿದಂತೆ ಬಿಗಿಯುವ ರೂಫ್ ಬೋಲ್ಟ್ ಬಂದಿದೆ. ಓಣಿಗಳ ಕೆಲಸ ಮುಗಿದ ಮೇಲೆ ಉಳಿದ ಕಂಬಗಳನ್ನೂ ಒಂದೊಂದಾಗಿ ತೆಗೆಯುತ್ತ ಹಿಂದೆ ಸರಿಯುವ ಹಂತವೇ ಎಲ್ಲಕ್ಕಿಂತ ಅಪಾಯದ್ದು, ಅಲ್ಲಿ ಛಾವಣಿ ಬೀಳಲೇಬೇಕು, ಆದರೆ ಮನುಷ್ಯ ಆಚೆ ಬಂದ ಮೇಲೆ ಬೀಳಬೇಕು. ಆಸರೆಯನ್ನು ಎಲ್ಲಿ, ಎಷ್ಟು ಅಂತರದಲ್ಲಿ ಕೊಡಬೇಕೆಂಬ ಯೋಜನೆಯನ್ನು ಮ್ಯಾನೇಜರ್ ಮೊದಲೇ ಬರೆದಿಡಬೇಕು, ಅದರಂತೆ ನಡೆಸುವುದು ಓವರ್‌ಮನ್ ಮತ್ತು ಸರ್ದಾರನ ಹೊಣೆ, ನಿಲ್ಲಿಸಿದ ಆಸರೆಯನ್ನು ಅಪ್ಪಣೆಯಿಲ್ಲದೆ ಕೀಳದಿರುವುದು ಕಾರ್ಮಿಕನ ಹೊಣೆ.

ಎರಡನೆಯ ಶತ್ರು ಕಣ್ಣಿಗೆ ಕಾಣದ್ದು. ಕಲ್ಲಿದ್ದಲಿನ ಪದರದಲ್ಲಿ ಕೋಟ್ಯಂತರ ವರ್ಷಗಳಿಂದ ಅಡಗಿದ್ದ ಮೀಥೇನ್ ಅನಿಲ, ಕಲ್ಲಿದ್ದಲು ಒಡೆದಾಗ ಹೊರಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಹಗುರವಾದ್ದರಿಂದ ಛಾವಣಿಯ ಮೂಲೆಗಳಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಗಣಿಯಲ್ಲಿ ಇಂಥ ಸ್ಫೋಟಕ್ಕೆ 92 ಮಂದಿ ಬಲಿಯಾದ ಬಳಿಕ, ಹಂಫ್ರಿ ಡೇವಿ 1815ರಲ್ಲಿ ಉರಿಯ ಸುತ್ತ ಸಣ್ಣ ಕಣ್ಣಿನ ಲೋಹದ ಬಲೆ ಸುತ್ತಿದ ಸುರಕ್ಷಿತ ದೀಪವನ್ನು ರೂಪಿಸಿದ. ಬಲೆ ಶಾಖವನ್ನು ಹೀರುವುದರಿಂದ ಒಳಗಿನ ಉರಿ ಹೊರಗಿನ ಅನಿಲಕ್ಕೆ ತಾಗುವುದಿಲ್ಲ. ಬತ್ತಿಯನ್ನು ತಗ್ಗಿಸಿ ಹಿಡಿದಾಗ ಉರಿಯ ನೆತ್ತಿಯ ಮೇಲೆ ತೆಳು ನೀಲಿ ಟೋಪಿಯೊಂದು ಮೂಡಿದರೆ ಅನಿಲವಿದೆಯೆಂದು ಅರ್ಥ. ಟೋಪಿ ಎತ್ತರವಾದಷ್ಟೂ ಅನಿಲ ಹೆಚ್ಚು. ಈಗ ವಿದ್ಯುನ್ಮಾನ ಮಾಪಕಗಳು ಬಂದಿದ್ದರೂ, ಆ ನೀಲಿ ಟೋಪಿಯನ್ನು ಓದಬಲ್ಲ ಕಣ್ಣು ಸರ್ದಾರನ ಅರ್ಹತೆಯಲ್ಲಿ ತಲೆಮಾರುಗಳ ಕಾಲ ಮೊದಲನೆಯದಾಗಿತ್ತು.

ಭಾರತದ ನಿಯಮಾವಳಿ ಅನಿಲದ ಪ್ರಮಾಣವನ್ನು ಆಧರಿಸಿ ಕಲ್ಲಿದ್ದಲಿನ ಪದರಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದು, ಒಂದು ಟನ್ ಕಲ್ಲಿದ್ದಲಿಗೆ 10 ಘನ ಮೀಟರಿಗಿಂತ ಹೆಚ್ಚು ಅನಿಲ ಬಿಡುವ ಪದರವನ್ನು ಮೂರನೆಯ, ಅಂದರೆ ಅತಿ ಅಪಾಯದ ದರ್ಜೆಗೆ ಸೇರಿಸಿದೆ. ಒಬ್ಬೊಬ್ಬ ಮನುಷ್ಯನಿಗೆ ನಿಮಿಷಕ್ಕೆ 6 ಘನ ಮೀಟರ್, ಅಥವಾ ದಿನದ ಒಂದೊಂದು ಟನ್ ಉತ್ಪಾದನೆಗೆ ನಿಮಿಷಕ್ಕೆ 2.5 ಘನ ಮೀಟರ್, ಈ ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಗಾಳಿ ಒಳಗೆ ಹರಿಯಬೇಕು. ಆಮ್ಲಜನಕ ಶೇ 19ಕ್ಕಿಂತ ಇಳಿಯಬಾರದು, ಇಂಗಾಲದ ಡೈಆಕ್ಸೈಡ್ ಶೇ 0.5ನ್ನು ಮೀರಬಾರದು, ಮೀಥೇನ್ ಹೊರಹೋಗುವ ಗಾಳಿಯಲ್ಲಿ ಶೇ 0.75ನ್ನೂ, ಗಣಿಯ ಯಾವುದೇ ಜಾಗದಲ್ಲಿ ಶೇ 1.25ನ್ನೂ ದಾಟಬಾರದು. ಸ್ಫೋಟಕ್ಕೆ ಶೇ 5 ಬೇಕಾಗಿರುವಾಗ ಶೇ 1.25ಕ್ಕೇ ವಿದ್ಯುತ್ತನ್ನು ಕಡಿದುಹಾಕಬೇಕೆನ್ನುವುದು ಅತಿ ಎಚ್ಚರವಲ್ಲ, ಏಕೆಂದರೆ ಮಾಪಕ ಹಿಡಿದ ಜಾಗದಲ್ಲಿ ಶೇ 1 ಇದ್ದರೆ, ಹತ್ತು ಮಾರು ಆಚೆಯ ಗಾಳಿಯಾಡದ ಪೊಟರೆಯಲ್ಲಿ ಅದರ ಹಲವು ಪಟ್ಟು ಇರಬಹುದು. ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಒಯ್ಯುವುದು ಅಪರಾಧ. ಅದಕ್ಕಾಗಿ ಇಳಿಯುವ ಮೊದಲು ಮೈ ತಡವಿ ನೋಡುತ್ತಾರೆ. ಗಾಳಿಯ ದಾರಿಯಲ್ಲಿ ಕಟ್ಟಿರುವ ಬಾಗಿಲನ್ನು ತೆರೆದವನೇ ಮುಚ್ಚಬೇಕು ಎಂಬ ನಿಯಮ ಕೇಳಲು ಮನೆಯ ಮಾತಿನಂತಿದ್ದರೂ, ತೆರೆದುಬಿಟ್ಟ ಒಂದು ಬಾಗಿಲಿನಿಂದ ಗಾಳಿ ಅಡ್ಡದಾರಿ ಹಿಡಿದು ಇಡೀ ಡಿಸ್ಟ್ರಿಕ್ಟಿಗೆ ಉಸಿರು ತಪ್ಪಬಹುದು.

ಅನಿಲದ ಸಣ್ಣ ಸ್ಫೋಟವನ್ನು ಮಹಾದುರಂತವಾಗಿ ಮಾರ್ಪಡಿಸುವುದು ಕಲ್ಲಿದ್ದಲಿನ ನಯವಾದ ಧೂಳು. ಮೊದಲ ಸ್ಫೋಟದ ಅಲೆ ನೆಲದ ಮೇಲಿನ ಧೂಳನ್ನು ಎಬ್ಬಿಸುತ್ತದೆ, ಹಿಂದೆಯೇ ಬರುವ ಉರಿ ಅದನ್ನು ಹೊತ್ತಿಸುತ್ತದೆ, ಆ ಉರಿ ಮತ್ತಷ್ಟು ಧೂಳನ್ನು ಎಬ್ಬಿಸುತ್ತ ಮೈಲುಗಟ್ಟಲೆ ಓಡುತ್ತದೆ. 1906ರ ಮಾರ್ಚ್ 10ರಂದು ಫ್ರಾನ್ಸಿನ ಕುರಿಯೇರ್ ಗಣಿಯಲ್ಲಿ 1,099 ಮಂದಿ ಸತ್ತದ್ದು ಹೀಗೆ. ಇಂದಿನ ಜಾರ್ಖಂಡಿನ ಧೋರಿ ಗಣಿಯಲ್ಲಿ 1965ರ ಮೇ 28ರ ಸ್ಫೋಟ 268 ಜನರನ್ನು ಕೊಂದಿತು. ಇದಕ್ಕಿರುವ ಮದ್ದು ಅಚ್ಚರಿಯೆನಿಸುವಷ್ಟು ಸುಲಭವಾದದ್ದು: ಸುಣ್ಣಕಲ್ಲಿನ ಹಿಟ್ಟನ್ನು ಓಣಿಗಳ ತುಂಬ ಎರಚಿ, ಧೂಳಿನಲ್ಲಿ ಉರಿಯದ ಪದಾರ್ಥದ ಪಾಲು ಮುಕ್ಕಾಲಕ್ಕಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಉರಿಗೆ ಮೇವು ಸಿಗುವುದಿಲ್ಲ. ಕಲ್ಲಿದ್ದಲು ಗಾಳಿಗೆ ತೆರೆದಿಟ್ಟರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುವುದೂ ಉಂಟು. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಉಸಿರಿಗೆ ಸೇರಿದವನು ನೋವಿಲ್ಲದೆ ಕುಸಿಯುತ್ತಾನೆ. ಪ್ರತಿಯೊಬ್ಬನ ಸೊಂಟದಲ್ಲಿ ಸೆಲ್ಫ್ ರೆಸ್ಕ್ಯೂಯರ್ ಎಂಬ ಸಣ್ಣ ಡಬ್ಬಿ ಇರಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ. ಅದು ಆ ವಿಷಕ್ಕೆ ಸಿಗದೆ ಹೊರದಾರಿ ತಲುಪುವಷ್ಟು ಹೊತ್ತಿನ ಉಸಿರನ್ನು ಕೊಡುತ್ತದೆ.

ನೀರು ತಂದ ಸಾವಿನ ಕತೆ ಇದಕ್ಕಿಂತ ದಾರುಣ. ಧನಬಾದ್ ಬಳಿಯ ಚಾಸನಾಲಾ ಗಣಿಯಲ್ಲಿ 1975ರ ಡಿಸೆಂಬರ್ 27ರಂದು, ನೀರು ತುಂಬಿದ್ದ ಹಳೆಯ ಗಣಿಭಾಗದ ಅಡ್ಡಗೋಡೆ ಒಡೆದು, ಕೆಳಗೆ ಕೆಲಸದಲ್ಲಿದ್ದ 375 ಮಂದಿ ಮುಳುಗಿಹೋದರು. ಕೈಬಿಟ್ಟ ಗಣಿಯೊಂದು ನೆಲದೊಳಗಿನ ಕೆರೆಯಿದ್ದಂತೆ. ಅದರ ಏರಿ ಎಷ್ಟು ದಪ್ಪವಿದೆಯೆಂದು ತಿಳಿಯದೆ ಈಚೆಯಿಂದ ಅಗೆಯುತ್ತ ಹೋದವನಿಗೆ ಕೊನೆಯ ಕ್ಷಣದವರೆಗೂ ಸುಳಿವು ಸಿಗದಿರಬಹುದು. ಆದ್ದರಿಂದ ಹಳೆಯ ಗಣಿಯಿಂದ 60 ಮೀಟರಿನೊಳಗೆ ಬಂದ ಮೇಲೆ, ಲಿಖಿತ ಅನುಮತಿಯಿಲ್ಲದೆ ಕೆಲಸವನ್ನು ಮುಂದುವರಿಸುವಂತಿಲ್ಲ. ಅನುಮತಿ ಸಿಕ್ಕ ಮೇಲೂ ಮುಂದಕ್ಕೆ ಉದ್ದನೆಯ ರಂಧ್ರಗಳನ್ನು ಕೊರೆದು, ಆಚೆ ನೀರಿಲ್ಲವೆಂದು ತಿಳಿದೇ ಹೆಜ್ಜೆಯಿಡಬೇಕು. ಎರಡು ಗಣಿಗಳ ಗಡಿಯಿಂದ 7.5 ಮೀಟರಿನಷ್ಟು ಕಲ್ಲಿದ್ದಲನ್ನು ಮುಟ್ಟದೆ ಬಿಡಬೇಕೆಂಬ ನಿಯಮವೂ ಇದೆ. ಇಲ್ಲಿ ಇಡೀ ಭಾರ ಸರ್ವೇಯರ್ ಎಂಬ ಮನುಷ್ಯನ ಮೇಲೆ, ಅವನು ಬರೆದ ನಕ್ಷೆಯ ಮೇಲೆ ಬೀಳುತ್ತದೆ. ತನ್ನ ಪಾಳಿಯಲ್ಲಿ ಏನೂ ತಪ್ಪು ಮಾಡದ ಸರ್ದಾರ, ಇಪ್ಪತ್ತು ವರ್ಷಗಳ ಹಿಂದೆ ಯಾರೋ ಅರ್ಧಕ್ಕೆ ಬಿಟ್ಟ ನಕ್ಷೆಯಿಂದ ಸಾಯಬಹುದು. 2001ರ ಫೆಬ್ರುವರಿಯಲ್ಲಿ ಬಾಗ್ಡಿಗಿ ಗಣಿಗೆ ಪಕ್ಕದ ಹಳೆಯ ಗಣಿಯ ನೀರು ನುಗ್ಗಿ 29 ಮಂದಿ ಸತ್ತರು. ಚಾಸನಾಲಾ ಕಳೆದು ಕಾಲು ಶತಮಾನವಾಗಿತ್ತು.

ಹಟ್ಟಿಯ ಕಡೆ ತಿರುಗಿದರೆ ಈ ಅಪಾಯಗಳ ಚಿತ್ರ ಬದಲಾಗುತ್ತದೆ. ಅಲ್ಲಿಯ ಗಟ್ಟಿ ಶಿಲೆ ಕಲ್ಲಿದ್ದಲಿನಂತೆ ಉರಿಯುವ ಧೂಳನ್ನು ಹುಟ್ಟಿಸುವುದಿಲ್ಲ. ಅದರ ಬದಲು ಆಳ, ಸಿಡಿಮದ್ದು, ಮತ್ತು ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕಾ ಧೂಳು ಎದುರಾಗುತ್ತವೆ. ಮಲ್ಲಪ್ಪ, ಸೆಂಟ್ರಲ್, ವಿಲೇಜ್ ಎಂಬ ಹೆಸರಿನ ಶಾಫ್ಟ್‌ಗಳು, ಅಂದರೆ ನೆಟ್ಟಗೆ ಇಳಿಯುವ ಬಾವಿಯಂಥ ದಾರಿಗಳು, ಅಲ್ಲಿನ ಕೆಲಸದ ಬೆನ್ನೆಲುಬಾಗಿವೆ. ಉಕ್ಕಿನ ಹಗ್ಗಕ್ಕೆ ತೂಗುವ ಕೇಜ್‌ನಲ್ಲಿ ನಿಂತು ಇಳಿಯುವ ಕಾರ್ಮಿಕನ ಜೀವ ಆ ಹೊತ್ತು ಮೂವರ ಕೈಯಲ್ಲಿರುತ್ತದೆ: ಮೇಲಿನ ಬಾಯಿಯಲ್ಲಿ ನಿಂತು ಜನರನ್ನು ಹತ್ತಿಸುವ ಬ್ಯಾಂಕ್ಸ್‌ಮನ್, ಕೆಳಗಿನ ನಿಲುಗಡೆಯಲ್ಲಿ ಇಳಿಸಿಕೊಳ್ಳುವ ಆನ್‌ಸೆಟರ್, ಮತ್ತು ಇಬ್ಬರನ್ನೂ ಕಣ್ಣಾರೆ ಕಾಣದೆ ಕೇವಲ ಗಂಟೆಯ ಸದ್ದನ್ನು ನಂಬಿ ಯಂತ್ರ ನಡೆಸುವ ವೈಂಡಿಂಗ್ ಎಂಜಿನ್ ಡ್ರೈವರ್. ಚಲಿಸುತ್ತಿರುವಾಗ ಒಂದು ಗಂಟೆ ಬಡಿದರೆ ನಿಲ್ಲಿಸಬೇಕು, ಮೂರು ಬಡಿದರೆ ಹತ್ತುತ್ತಿರುವವರು ಮನುಷ್ಯರು ಎಂದು ತಿಳಿಯಬೇಕು. ಈ ಸಂಕೇತಗಳನ್ನು ಶಾಫ್ಟಿನ ಬಾಯಲ್ಲಿ ಬರೆದು ತೂಗುಹಾಕಿರಬೇಕು. ಹಗ್ಗ ಎಷ್ಟೇ ಚೆನ್ನಾಗಿ ಕಂಡರೂ ಮೂರೂವರೆ ವರ್ಷಕ್ಕಿಂತ ಹೆಚ್ಚು ಕಾಲ ಬಳಸುವಂತಿಲ್ಲ, ಅದರ ತುದಿಯ ಬಿಗಿತವನ್ನು ಆರು ತಿಂಗಳಿಗೊಮ್ಮೆ ಕತ್ತರಿಸಿ ಹೊಸದಾಗಿ ಕೂರಿಸಬೇಕು. ಗಣಿಗೆ ಒಂದೇ ದಾರಿಯಿರಬಾರದು ಎಂಬ ನಿಯಮಕ್ಕೂ ಒಂದು ಚರಿತ್ರೆಯಿದೆ. 1862ರಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಗಣಿಯ ಏಕೈಕ ಶಾಫ್ಟ್ ಮುಚ್ಚಿಹೋಗಿ 204 ಮಂದಿ ಒಳಗೇ ಉಸಿರುಗಟ್ಟಿದರು. ಭಾರತದ ಕಲ್ಲಿದ್ದಲು ನಿಯಮಾವಳಿಯೂ ಕನಿಷ್ಠ ಎರಡು ಹೊರದಾರಿ, ಅವುಗಳ ನಡುವೆ ಕನಿಷ್ಠ 13.5 ಮೀಟರ್ ಅಂತರ ಇರಬೇಕೆಂದು ವಿಧಿಸಿದೆ.

ಆಳ ಎಂಬುದು ಏನು ಮಾಡಬಲ್ಲದೆಂಬುದನ್ನು ಕೋಲಾರ ತೋರಿಸಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನಲ್ಲಿ, ಮೇಲಿನ ಬೆಟ್ಟದಂಥ ಭಾರವನ್ನು ಹೊತ್ತ ಶಿಲೆ ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎನ್ನುವ ಈ ಸಿಡಿತದ ನಡುಕ ಮೇಲಿನ ಊರಿನ ಮನೆಗಳಿಗೂ ತಾಗುತ್ತಿತ್ತು. ಇದನ್ನು ಅರಿಯುವ ಯತ್ನದಿಂದಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿತು. ಸಿಲಿಕೋಸಿಸ್ ಬಗ್ಗೆ ಭಾರತದ ಮೊದಲ ವಿಸ್ತೃತ ಅಧ್ಯಯನಗಳೂ 1940ರ ದಶಕದಲ್ಲಿ ಕೋಲಾರದ ಕಾರ್ಮಿಕರ ಮೇಲೆ ನಡೆದವು; ರಂಧ್ರ ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಕೆಸರಾಗಿಸಬೇಕೆಂಬ ನಿಯಮ ಅಂಥ ಅನುಭವದ ಫಲ. ಕಲ್ಲಿದ್ದಲಿನ ಕಾರ್ಮಿಕನಿಗೆ ಬರುವ ಶ್ವಾಸಕೋಶದ ಕಾಯಿಲೆ ಬೇರೆ ಹೆಸರಿನದು, ಆದರೆ ಗುಣವಾಗದಿರುವುದರಲ್ಲಿ ಇದರ ಸೋದರ. ಗಣಿ ಮುಚ್ಚಿದ ಮೇಲೂ, ಕೋಲಾರದಲ್ಲಿ 2001ರಲ್ಲಿ ಆದಂತೆ, ಕಾಯಿಲೆ ಮನೆಗೆ ಬಂದು ಉಳಿಯುತ್ತದೆ. ಛಾವಣಿ ಕುಸಿದು ಸತ್ತವನಿಗೆ ತನಿಖೆಯಿದೆ, ಪರಿಹಾರವಿದೆ. ಹದಿನೈದು ವರ್ಷಗಳ ಕಾಲ ಇಂಚಿಂಚಾಗಿ ಉಸಿರು ಕಳೆದುಕೊಂಡವನ ಸಾವಿಗೆ ಯಾರ ಪಾಳಿಯ ಸರ್ದಾರನನ್ನು ಕೇಳಬೇಕು ಎಂಬ ಪ್ರಶ್ನೆಗೆ ನಿಯಮಾವಳಿಯ ಬಳಿ ಅಷ್ಟು ನೇರವಾದ ಉತ್ತರವಿಲ್ಲ, ಇದು ಅದರ ನಿಜವಾದ ಕೊರತೆ.

ಕಾರ್ಮಿಕರೂ ಈ ವ್ಯವಸ್ಥೆಯಲ್ಲಿ ಕೇವಲ ಕಾಪಾಡಿಸಿಕೊಳ್ಳುವವರಲ್ಲ. ನೆಲದೊಳಗಿನ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, 18 ವರ್ಷ ತುಂಬದವರನ್ನು ಇಳಿಸಬಾರದು, ತರಬೇತಿಯಿಲ್ಲದೆ ಕೆಲಸಕ್ಕೆ ಹಚ್ಚಬಾರದು ಎಂಬ ಹಕ್ಕುಗಳ ಜೊತೆಗೆ, 1985ರಿಂದ ಒಂದು ಮಹತ್ವದ ಏರ್ಪಾಡು ಸೇರಿತು: 500 ಅಥವಾ ಹೆಚ್ಚು ಜನ ದುಡಿಯುವ ಗಣಿಯಲ್ಲಿ, ಕಾರ್ಮಿಕ ಸಂಘದೊಂದಿಗೆ ಸಮಾಲೋಚಿಸಿ, ಗಣಿ ಕೆಲಸ, ವಿದ್ಯುತ್, ಯಂತ್ರ ಈ ಮೂರಕ್ಕೂ ಒಬ್ಬೊಬ್ಬ ಕಾರ್ಮಿಕ ಇನ್ಸ್‌ಪೆಕ್ಟರನ್ನು ನೇಮಿಸಬೇಕು, 100ಕ್ಕಿಂತ ಹೆಚ್ಚು ಜನರಿರುವಲ್ಲಿ ಸುರಕ್ಷತಾ ಸಮಿತಿ ಇರಬೇಕು. ಕೆಲಸ ಮಾಡುವವನ ಕಣ್ಣಿಗೆ ಬೀಳುವ ಅಪಾಯ ಮೇಲಧಿಕಾರಿಯ ಕಣ್ಣಿಗೆ ಬೀಳದಿರಬಹುದೆಂಬ ಸತ್ಯವನ್ನು ಕಾನೂನು ಒಪ್ಪಿಕೊಂಡದ್ದು ಇಲ್ಲಿಯೇ. ದಶಕಗಳ ಕಾಲ ನೆಲದೊಳಗೆ ಇಳಿಯುವಂತಿಲ್ಲದ ಮಹಿಳೆಯರಿಗೂ 2019ರಿಂದ ತಾಂತ್ರಿಕ, ಮೇಲ್ವಿಚಾರಣಾ ಮತ್ತು ಆಡಳಿತದ ಹುದ್ದೆಗಳಲ್ಲಿ, ಹಗಲಿನ ಪಾಳಿಗೆ, ಬಾಗಿಲು ತೆರೆಯಿತು.

ಹೊಣೆ ತಪ್ಪಿದಾಗ ಏನಾಗುತ್ತದೆಂಬುದನ್ನೂ 1952ರ ಕಾಯ್ದೆ ಬರೆದಿಟ್ಟಿತ್ತು. ಗಣಿಯಲ್ಲಿ ಯಾರೇ ನಿಯಮ ಮುರಿದರೂ ಮಾಲೀಕ, ಏಜೆಂಟ್, ಮ್ಯಾನೇಜರ್ ಮೂವರನ್ನೂ ತಪ್ಪಿತಸ್ಥರೆಂದೇ ಭಾವಿಸಲಾಗುತ್ತಿತ್ತು. ಆ ತಪ್ಪು ನಡೆಯದಂತೆ ತಾವು ಎಲ್ಲ ಎಚ್ಚರವನ್ನೂ ವಹಿಸಿದ್ದೆವೆಂದು ಸಾಬೀತು ಮಾಡುವ ಭಾರ ಅವರದೇ ಆಗಿತ್ತು. ಮಾರಣಾಂತಿಕ ಅಪಘಾತವಾದಲ್ಲಿ ತಕ್ಷಣ ನಿರ್ದೇಶನಾಲಯಕ್ಕೆ ಸುದ್ದಿ ಮುಟ್ಟಿಸಬೇಕು, ಜೀವ ಉಳಿಸುವಂಥ ತುರ್ತಿನ ಕೆಲಸಗಳನ್ನು ಬಿಟ್ಟರೆ ಆ ಜಾಗವನ್ನು ಕದಲಿಸಬಾರದು. ಕಲ್ಲು ತಾನು ಬಿದ್ದ ರೀತಿಯಲ್ಲೇ ತನಿಖೆಗೆ ಸಾಕ್ಷಿ ಹೇಳುತ್ತದೆ.

ಇವೆಲ್ಲ ದೂರದ ಗಣಿಗಳ ಮಾತೆಂದು ಕೊಪ್ಪಳ ಜಿಲ್ಲೆಯ ಓದುಗರು ಭಾವಿಸಬೇಕಿಲ್ಲ. ಕುಷ್ಟಗಿ ತಾಲ್ಲೂಕಿನಲ್ಲೂ ಪಕ್ಕದ ಇಳಕಲ್ ಸುತ್ತಲೂ ತೆಗೆಯುವ ಗುಲಾಬಿ ಗ್ರಾನೈಟಿನ ಕ್ವಾರಿಗಳು ತೆರೆದ ಗಣಿಗಳೇ ಆಗಿವೆ. ಕಟ್ಟಡದ ಕಲ್ಲು, ಮುರಂ, ಮರಳಿನಂಥ ಸಣ್ಣ ಕೆಲಸಗಳಿಗೆ ಗಣಿ ಕಾಯ್ದೆ ವಿನಾಯಿತಿ ಕೊಟ್ಟಿತ್ತಾದರೂ, ಆಳ 6 ಮೀಟರ್ ಮೀರಿದರೆ, ಅಥವಾ ಜನ 50 ದಾಟಿದರೆ, ಅಥವಾ ಸಿಡಿಮದ್ದು ಬಳಸಿದರೆ, ಈ ಮೂರರಲ್ಲಿ ಯಾವುದಾದರೂ ಒಂದಾದೊಡನೆ ಆ ವಿನಾಯಿತಿ ತಪ್ಪುತ್ತಿತ್ತು. ಸಿಡಿಯದೆ ಉಳಿದ ಮದ್ದಿನ ರಂಧ್ರದ ಪಕ್ಕದಲ್ಲಿ, ಕನಿಷ್ಠ 30 ಸೆಂಟಿಮೀಟರ್ ದೂರ ಬಿಟ್ಟು, ಅದಕ್ಕೆ ಸಮಾನಾಂತರವಾಗಿಯೇ ಹೊಸ ರಂಧ್ರ ಕೊರೆಯಬೇಕು, ಹಳೆಯದನ್ನು ಕೆದಕಬಾರದು ಎಂಬ ನಿಯಮ ಹಟ್ಟಿಯ ಎರಡು ಸಾವಿರ ಅಡಿ ಆಳದಲ್ಲಿ ಎಷ್ಟು ನಿಜವೋ, ಬಿಸಿಲಲ್ಲಿ ಕಾದ ಕ್ವಾರಿಯ ಬಂಡೆಯ ಮೇಲೂ ಅಷ್ಟೇ ನಿಜ. ವ್ಯತ್ಯಾಸವಿರುವುದು ಮನುಷ್ಯರಲ್ಲಿ. ದೊಡ್ಡ ಗಣಿಯಲ್ಲಿ ಮದ್ದು ಹಚ್ಚುವವನಿಗೆ ಬ್ಲಾಸ್ಟರ್ ಎಂಬ ಪ್ರಮಾಣಪತ್ರವಿರುತ್ತದೆ, ಅವನ ಮೇಲೆ ಮೇಟ್ ಇರುತ್ತಾನೆ. ಗುತ್ತಿಗೆಯ ಮೇಲೆ ನಡೆಯುವ ಸಣ್ಣ ಕೆಲಸದಲ್ಲಿ ಈ ಎಲ್ಲ ಹೊಣೆಗಳೂ ಒಬ್ಬ ಮೇಸ್ತ್ರಿಯ ಬಾಯಿಮಾತಿಗೆ ಇಳಿದುಬಿಡುವ ಅಪಾಯವಿದೆ, ಅಂಥಲ್ಲಿ ಸಹಿ ಮಾಡುವ ಪುಸ್ತಕವನ್ನು ಕೇಳುವ ಮೊದಲ ಹಕ್ಕು ಕಲ್ಲು ಒಡೆಯುವವನದೇ.

ಎಲ್ಲ ಎಚ್ಚರವೂ ಸೋತ ಮೇಲೆ ಉಳಿಯುವುದು ಪಾರುಗಾಣಿಕೆ. 1989ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜಿನ ಮಹಾಬೀರ್ ಗಣಿಗೆ ನೀರು ನುಗ್ಗಿ 71 ಮಂದಿ ಸಿಕ್ಕಿಬಿದ್ದಾಗ, ಜಸ್ವಂತ್ ಸಿಂಗ್ ಗಿಲ್ ಎಂಬ ಗಣಿ ಎಂಜಿನಿಯರ್ ಮೇಲಿನಿಂದ ಹೊಸ ರಂಧ್ರ ಕೊರೆಸಿ, ಒಬ್ಬ ಮನುಷ್ಯ ನಿಲ್ಲುವಷ್ಟೇ ಅಗಲದ ಉಕ್ಕಿನ ಕ್ಯಾಪ್ಸೂಲ್ ಮಾಡಿಸಿ, ಅದರಲ್ಲಿ ತಾವೇ ಕೆಳಗಿಳಿದು, 65 ಜನರನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಕಳಿಸಿದರು. ಅಂಥ ಧೈರ್ಯವನ್ನು ಯಾವ ನಿಯಮವೂ ಬರೆದು ಕೊಡಲಾರದು. ಆದರೆ ನೀರು ನುಗ್ಗಿದ ಆ ರಾತ್ರಿ ಒಳಗೆ ಎಷ್ಟು ಮಂದಿ ಇದ್ದಾರೆ, ಎಷ್ಟು ಮಂದಿ ಹೊರಗೆ ಬಂದಿದ್ದಾರೆ ಎಂಬ ಲೆಕ್ಕ ಮೊದಲು ಬೇಕಾಗುತ್ತದೆ, ಆ ಲೆಕ್ಕ ನಿಯಮದಿಂದ ಬರುತ್ತದೆ. ಶಾಫ್ಟಿನ ಬಾಯಿಯ ಪಕ್ಕದ ಲ್ಯಾಂಪ್ ರೂಮಿನಲ್ಲಿ ಕಾರ್ಮಿಕ ತನ್ನ ನಂಬರಿನ ಲೋಹದ ಟೋಕನ್ ಕೊಟ್ಟು ತಲೆದೀಪವನ್ನು ಪಡೆಯುತ್ತಾನೆ. ಪಾಳಿ ಮುಗಿದ ಮೇಲೆ ದೀಪ ಕೊಟ್ಟು ಟೋಕನ್ ಹಿಂದಕ್ಕೆ ಪಡೆಯುತ್ತಾನೆ. ಎಲ್ಲರೂ ಹೋದ ಮೇಲೆ ಹಲಗೆಯ ಮೊಳೆಗೆ ಒಂದು ಟೋಕನ್ ತೂಗುತ್ತಲೇ ಉಳಿದಿದ್ದರೆ, ದೀಪದ ಗುಮಾಸ್ತ ಅದರ ನಂಬರನ್ನು ಓದಿ, ಪುಸ್ತಕದಲ್ಲಿ ಹೆಸರು ಹುಡುಕಿ, ಆ ಪಾಳಿಯ ಓವರ್‌ಮನ್‌ಗೆ ಸುದ್ದಿ ಕಳಿಸುತ್ತಾನೆ. ಆ ಒಬ್ಬ ಎಲ್ಲಿದ್ದಾನೆಂದು ತಿಳಿಯುವವರೆಗೆ ಆ ಪಾಳಿ ಮುಗಿದಂತಲ್ಲ.